ಸ್ವಲ್ಪ ಹಗುರ ಆಗ್ರಿ

ಪುಣೆಯ ಧನಕವಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದ ಕಾಕಾ ತಮ್ಮ ಹಳೆಯ ಕಾರಿಗೆ ಅಗಲವಾದ ಗಾಲಿ ಹಾಕಿಸಿದ್ದರು. ಹಿಂದೆ ಯಾರಾದರೂ ಕೂತರೆ ಗಾಡಿ ತಗ್ಗಿ, ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರ್ ಎನ್ನುತ್ತಿತ್ತು. ಮಡ್‌ಗಾರ್ಡಿನ ಅಂಚನ್ನು ಒಳಗೆ ಮಡಚಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳಿದರೂ, ಗಾಡಿಗೆ ಸುತ್ತಿಗೆ ಮುಟ್ಟಿಸಲು ಕಾಕಾ ಒಪ್ಪಲಿಲ್ಲ. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಹಿಂದೆ ಕೂತ ನಮ್ಮನ್ನು ಕನ್ನಡಿಯಲ್ಲಿ ನೋಡಿ, ಎಡಗೈ ಎತ್ತಿ, "ಸ್ವಲ್ಪ ಹಗುರ ಆಗ್ರಿ" ಎನ್ನುತ್ತಿದ್ದರು. ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಸದ್ದಾದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

ಕಾಕಾ ಅವರ ಹೆಂಡತಿ ಕಾಕೂ; ಅವರ ತಾಯಿ ಊರಿಂದ ಬಂದಾಗ ಎಲ್ಲರೂ ಲೋಣಾವಳಾಕ್ಕೆ ಹೊರಟೆವು.

"ನಮ್ಮವ್ವ ಕುಂತಾಗ ಒಮ್ಮೆ ಕರ್ರ್ ಅಂದ್ರೂ ನಾಳೆನ ಹಳೇ ಗಾಲಿ ಹಾಕಸಬೇಕು ನೋಡ್ರಿ," ಎಂದರು ಕಾಕೂ.

ಪ್ರತಿ ಉಬ್ಬಿಗೂ ಅಜ್ಜಿ ಮುಂದಿನ ಸೀಟು ಹಿಡಿದು ಅರ್ಧ ಎದ್ದರು. ಸದ್ದಾಗಲಿಲ್ಲ. ಬರುವಾಗ ಅರ್ಧ ಚೀಲ ಚಿಕ್ಕಿ ತಿಂದು ನಿದ್ದೆಹೋದರು. ನಮ್ಮ ಗೇಟಿನ ಉಬ್ಬಿನಲ್ಲಿ, ಕರ್ರ್!

ಕಾಕೂ ನಿಧಾನವಾಗಿ ಗಂಡನತ್ತ ತಿರುಗಿದರು.

ಅಜ್ಜಿ ಕಣ್ಣು ಬಿಟ್ಟರು. "ಗಾಡಿ ಅಲ್ಲ ಯವ್ವಾ, ನನ್ನ ಹೊಟ್ಟಿ. ಹಸದು ಒದರಲಿಕ್ಕತ್ತದ."

ಕಾಕಾ ಕನ್ನಡಿಯಲ್ಲೇ ಅತ್ತೆಗೆ ಕೈಮುಗಿದರು. ನಾನು ಆ ದಿನ ಗೀಟು ಎಳೆಯಲಿಲ್ಲ.