ಸೋಮವಾರ ತಪ್ಪಬಾರದು: ಮಾಳಪ್ಪನ ಎರಡು ಗಾಡಿ

ಸೋಮವಾರ, ಬೆಳಗಿನ ಐದು ಗಂಟೆ. ರಾತ್ರಿಯಿಡೀ ಜಿನುಗಿದ ಮಳೆ ಈಗಷ್ಟೇ ಬಿಟ್ಟಿದೆ. ತಿರ್ಲಾಪುರದ ಹಳ್ಳದ ಕಡೆ ಇಳಿಯುವ ಬಂಡಿದಾರಿಯಲ್ಲಿ ಮಾಳಪ್ಪ ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಹತ್ತು ಹೆಜ್ಜೆಗೊಮ್ಮೆ ನಿಂತು ಬಲಗಾಲ ಹಿಮ್ಮಡಿಯನ್ನು ಜಿಗುಟಾದ ಕಪ್ಪು ಎರಿಮಣ್ಣಿಗೆ ಒತ್ತುತ್ತಾರೆ, ಎತ್ತುತ್ತಾರೆ, ಟಾರ್ಚು ಬಿಟ್ಟು ನೋಡುತ್ತಾರೆ. ಹಿಮ್ಮಡಿಗೆ ಮಣ್ಣು ಮೆತ್ತಿಕೊಂಡು ಬಂದರೆ ಗಾಲಿಗೂ ಮೆತ್ತುತ್ತದೆ, ಆ ಮಗ್ಗುಲಿಗೆ ಹೋಗುವಂತಿಲ್ಲ. ಹಿಮ್ಮಡಿ ಜಾರಿದರೆ ಅಡ್ಡಿಯಿಲ್ಲ, ಮೇಲೆ ಕೆಸರಿದ್ದರೂ ಕೆಳಗೆ ಗಟ್ಟಿಯಿದೆ. ಹೀಗೆ ದಾರಿ ಗೊತ್ತುಮಾಡಿಕೊಂಡು ಹಿಂದಿರುಗಿ ಗಾಡಿ ಹತ್ತುವುದು ಅವರ ಮೂವತ್ತು ವರ್ಷದ ಪದ್ಧತಿ.

ಆದರೆ ಇವತ್ತು ಹಿಂದೆ ನಿಂತಿರುವುದು ಅವರ ಹಳೆಯ ಜೀಪಲ್ಲ. ಬೆಳ್ಳಗೆ ಹೊಳೆಯುವ ಹೊಸ ಫೋರ್ ವೀಲ್ ಗಾಡಿ. ಒಳಗೆ ಟಿ.ವಿ.ಯಂಥ ಪರದೆ, ತಣ್ಣನೆ ಗಾಳಿ, ಗುಂಡಿ ಒತ್ತಿದರೆ ಹಿಂದಕ್ಕೆ ಒರಗುವ ಸೀಟು. ಆ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ, ಕಾಲು ಬಾತುಕೊಂಡ ಮುಮತಾಜ್ ಕಣ್ಣು ಮುಚ್ಚಿ ಕೂತಿದ್ದಾರೆ. ಪಕ್ಕದಲ್ಲಿ ಮಾಳಪ್ಪನವರ ಹೆಂಡತಿ ಸಾವಕ್ಕ. ಇಬ್ಬರ ಮುಖದಲ್ಲೂ ನಗುವಿಲ್ಲ. ಐವತ್ತಾರರ ಮಾಳಪ್ಪನವರಿಗಂತೂ ಹೊಸದಾಗಿ ಗಾಡಿ ಕಲಿತ ದಿನದ ಭಯ.

"ಜೀಪಿನ ಎಲ್ಲಾ ಸಪ್ಪಳ ನಂಗ ಗೊತ್ತೈತ್ರಿ. ಯಾವಾಗ ನರಳ್ತೈತಿ, ಯಾವಾಗ ಸುಳ್ಳ ಗುರುಗುಡತೈತಿ, ಎಲ್ಲಾ. ಇದು ಸಪ್ಪಳನ ಮಾಡೂದಿಲ್ಲ. ಮಾತಾಡದ ಮನಷ್ಯಾರ ಕೂಡ ಸಂಸಾರ ಮಾಡಿದಂಗ ಆಗೇತಿ," ಎನ್ನುತ್ತಾರೆ. ಸಾವಕ್ಕ ಒಳಗಿಂದಲೇ, "ಹಂಗಾರ ನಾ ಭಾಳ ಮಾತಾಡ್ತೇನಿ ಅಂತ ಇಷ್ಟ್ ದಿನ ಯಾಕ ಬೈತಿದ್ರಿ?" ಎಂದು ಚುಚ್ಚುತ್ತಾರೆ.

ಹಳ್ಳದಾಚೆ ಹೊಲಗಳ ನಡುವೆ ಹದಿನಾರು ಮನೆಗಳ ಒಂದು ಓಣಿಯಿದೆ. ಮಾಳಪ್ಪನವರ ಮನೆಯೂ ಅಲ್ಲೇ, ಮುಮತಾಜ್ ಅವರ ಮನೆಯೂ ಅಲ್ಲೇ. ಡಾಂಬರು ರಸ್ತೆ ಮುಟ್ಟಬೇಕಾದರೆ ಒಂದೂವರೆ ಮೈಲಿ ಎರಿಮಣ್ಣಿನ ದಾರಿ, ನಡುವೆ ಹಳ್ಳಕ್ಕೆ ಅಡ್ಡಲಾಗಿ ಹಾಸಿದ ತಗ್ಗು ಕಲ್ಲುಹಾಸು, ಫರಸಿ. ಮಳೆಯಾದರೆ ಫರಸಿಯ ಮೇಲೇ ನೀರು. ನೀರು ಮೊಳಕಾಲಿಗಿಂತ ಕೆಳಗಿದ್ದರೆ ಮಾಳಪ್ಪ ದಾಟುತ್ತಾರೆ. ಮೇಲಿದ್ದರೆ ಇಳಿಯುವುದೇ ಇಲ್ಲ, ಹನ್ನೊಂದು ಕಿಲೋಮೀಟರು ಹೊಲಗಳನ್ನು ಬಳಸಿಕೊಂಡು ಹೋಗುತ್ತಾರೆ. ಆಂಬುಲೆನ್ಸು ಬರುವುದು ಡಾಂಬರಿನವರೆಗೆ. ಅಲ್ಲಿವರೆಗಿನದು ಮಾಳಪ್ಪನವರ ಪಾಲು. ಹೆರಿಗೆ ನೋವು ತಿನ್ನುತ್ತಿದ್ದವರು, ಹಾವು ಕಡಿಸಿಕೊಂಡವರು, ಚುನಾವಣೆಯ ಪೆಟ್ಟಿಗೆ, ಪರೀಕ್ಷೆಗೆ ಹೊರಟ ಮಕ್ಕಳು, ಎಲ್ಲರೂ ಆ ಜೀಪಿನಲ್ಲೇ ದಾಟಿದವರು. ಮಾಳಪ್ಪನವರ ಹೆಸರು ಮಾತ್ರ ಯಾವ ಸನ್ಮಾನಪತ್ರದಲ್ಲೂ ಬಂದಿಲ್ಲ. ಬಂದರೂ ಅವರು ಅದನ್ನು ಜೀಪಿನ ಸೀಟಿನ ಕೆಳಗೆ ತುರುಕಿ ಮರೆತುಬಿಡುವ ಪೈಕಿ.

ಮೂರು ವರ್ಷಗಳಿಂದ ಈ ಕೆಲಸಕ್ಕೆ ವಾರದ ಲೆಕ್ಕ ಬಂದಿದೆ. ಮೂವತ್ನಾಲ್ಕರ ಮುಮತಾಜ್ ಅವರಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಸೋಮವಾರ, ಗುರುವಾರ ಬೆಳಗ್ಗೆ ಏಳಕ್ಕೆ ನವಲಗುಂದದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಗಂಡ ಹುಬ್ಬಳ್ಳಿಯ ಗೋದಾಮಿನಲ್ಲಿ ಹಮಾಲಿ, ಮನೆಗೆ ಬರುವುದು ವಾರಕ್ಕೊಮ್ಮೆ. ಹೀಗಾಗಿ ಸಾವಕ್ಕನೇ ಜೊತೆ. ಮುಮತಾಜ್ ಅವರದು ತವರೂರು ನವಲಗುಂದದಲ್ಲಿ ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಿದ್ದ ಕೈ. ಸೂಜಿ ಚುಚ್ಚಿಸಿಕೊಳ್ಳುವ ಎಡಗೈಗೆ ಈಗ ಮಗ್ಗದ ಪೆಟ್ಟು ಕೂಡದು. ಕೊನೆಗೆ ನೇಯ್ದ ಒಂದು ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಜೀಪಿನ ಸೀಟಿಗೆ ಹಾಸಿಕೊಂಡು ಕೂರುತ್ತಾರೆ, ಕುಲುಕಾಟ ಕಡಿಮೆಯಾಗಲಿ ಎಂದು.

"ಗುರುವಾರದಿಂದ ಸೋಮವಾರಕ್ಕ ನಡುವ ಭಾಳ ದಿನ ಆಗ್ತಾವ್ರಿ. ಮೈಯಾಗ ನೀರ್ ತುಂಬತೈತಿ. ಸೋಮವಾರ ಮುಂಜಾನಿ ಉಸರ ಸಾಲೂದಿಲ್ಲ. ಅವತ್ತ ಒಂದ್ ತಪ್ಪಿದ್ರ..." ಎಂದು ಮುಮತಾಜ್ ಮಾತು ನಿಲ್ಲಿಸುತ್ತಾರೆ. ಮುಂದಿನದನ್ನು ಮಾಳಪ್ಪನವರಿಗೆ ಯಾರೂ ಹೇಳಬೇಕಾಗಿಲ್ಲ. ರವಿವಾರ ಮೋಡ ಕಟ್ಟಿದರೆ ಸಾಕು, ಅವರಿಗೆ ಊಟ ಸೇರುವುದಿಲ್ಲ. ಇವತ್ತಿನದು ಮುನ್ನೂರ ಹತ್ತನೆಯ ಸಲ. ಒಮ್ಮೆಯೂ ತಪ್ಪಿಲ್ಲ.

ಹಾಗಾದರೆ ಹೊಸ ಗಾಡಿಯ ಉಸಾಬರಿ ಯಾಕೆ? ಜೀಪಿನ ಕಾಗದಗಳ ಅವಧಿ ಈ ಶುಕ್ರವಾರ ಮುಗಿಯುತ್ತದೆ. ಕಾಗದ ಹೊಸದಾಗಿ ಮಾಡಿಸಬಹುದು. ಆದರೆ ನವಲಗುಂದದ ಮಿಸ್ತ್ರಿ ಮಶಾಕಸಾಬ ಜೀಪಿನ ಹೊಟ್ಟೆಯ ಕೆಳಗೆ ಮಲಗಿ ನೋಡಿ, ತುಕ್ಕು ಹಿಡಿದ ಪಟ್ಟಿಗೆ ಸುತ್ತಿಗೆಯಿಂದ ಎರಡು ಸಲ ಕುಟ್ಟಿ ಹೇಳಿದ್ದಾರೆ: "ಈ ಮಳಿಗಾಲ ಎಳೀತೈತಿ ಮಾಳಪ್ಪ. ಅದರ ಮುಂದಿಂದು ನನ್ನ ಕೇಳಬ್ಯಾಡ." ಅದೇ ಹೊತ್ತಿಗೆ ಊರಿನ ಜಮೀನ್ದಾರ ಸುಭಾಸ ಸಾವಕಾರರು ಈ ಗಾಡಿ ತಂದಿದ್ದಾರೆ. ಓಣಿಯ ಕೆಲಸಕ್ಕೆ ಬಿಡುತ್ತಾರಂತೆ, ಆದರೆ ಮಾಳಪ್ಪನೇ ಓಡಿಸಬೇಕು. ಊರಿನಲ್ಲಿ ಈ ದಾರಿಯಲ್ಲಿ ಗಾಡಿ ಓಡಿಸಬಲ್ಲವರು ಬೇರೆ ಯಾರೂ ಇಲ್ಲ. ಒಬ್ಬ ಡ್ರೈವರಿಗೆ ಎರಡು ಗಾಡಿ ಸಾಕಲಾಗದು, ಜೀಪು ಗುಜರಿಗೆ ಹೋಗಬೇಕು. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ. ಬೇಡವೆಂದರೆ ಗಾಡಿ ಹುಬ್ಬಳ್ಳಿಯಲ್ಲಿ ಬಾಡಿಗೆಗೆ.

ಅದಕ್ಕೇ ಈ ಸೋಮವಾರದ ಪರೀಕ್ಷೆ.

ಹಳ್ಳದ ದಂಡೆ ಬರುತ್ತದೆ. ಮಾಳಪ್ಪ ಇಳಿದು ಕೋಲು ಊರಿ ನೀರು ಅಳೆಯುತ್ತಾರೆ. ಮೊಳಕಾಲಿಗಿಂತ ನಾಲ್ಕು ಬೆರಳು ಕಡಿಮೆ. ಸರಿ. ಹಿಂದಿನಿಂದ ಗೋಣಿಚೀಲ ತೆಗೆದು ಗಾಡಿಯ ಮುಂಭಾಗಕ್ಕೆ ಬಿಗಿಯಾಗಿ ಕಟ್ಟುತ್ತಾರೆ. ಜೀಪಿಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ನೀರು ನುಗ್ಗಿ ಫ್ಯಾನು ತಿರುಗಿ ಎಂಜಿನ್ನಿನ ಮೇಲೆಲ್ಲ ಎರಚುತ್ತದೆ. ಕೈಗೆ ಮೂವತ್ತು ವರ್ಷದ ರೂಢಿ, ತಲೆಯನ್ನು ಕೇಳುವ ಗೊಡವೆಗೆ ಅದು ಹೋಗಲಿಲ್ಲ.

ಗಾಡಿ ನೀರಿಗಿಳಿದು ಹತ್ತು ಮಾರು ಹೋಗಿರಬೇಕು, ಪರದೆಯ ಮೇಲೆ ಕೆಂಪು ದೀಪ ಹತ್ತಿಕೊಂಡು ಕಿರ್ರೆಂದು ಕೂಗುತ್ತದೆ. ಮರುಕ್ಷಣ ಗಾಡಿ ತಾನಾಗಿಯೇ ಗಕ್ಕನೆ ನಿಂತುಬಿಡುತ್ತದೆ. ಮಾಳಪ್ಪ ಆಕ್ಸಿಲರೇಟರ್ ತುಳಿಯುತ್ತಾರೆ. ಒಂದು ಗೇಣು ಸರಿದು ಮತ್ತೆ ಬ್ರೇಕು. ಕೆಳಗೆ ನೀರು ಸರಸರ ಹರಿಯುತ್ತಿದೆ.

"ಕಾಕಾ, ಏನಾತ್ರಿ?" ಮುಮತಾಜ್ ಉಸಿರು ಎಳೆದುಕೊಂಡು ಕೇಳುತ್ತಾರೆ.

"ಏನಿಲ್ಲವ್ವ, ಸುಮ್ಮ ಕುಂದರು."

"ಏನಿಲ್ಲೇನು ಏನಿಲ್ಲ! ಜೀಪ್ ಇದ್ದಿದ್ರ ಹಿಂಗ ಆಗತಿತ್ತೇನು? ಯವ್ವಾ, ನಡ ನೀರಾಗ ತಂದು ನಿಂದ್ರಿಸಿದ್ರಲ್ಲಾ!" ಎಂದು ಸಾವಕ್ಕ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಓಡಿಹೋಗಿ ಜೀಪು ತರುವುದೇ? ಅಷ್ಟರಲ್ಲಿ ಮೇಲೆ ಎಲ್ಲಾದರೂ ಮಳೆ ಜೋರಾಗಿ ನೀರು ಏರಿದರೆ? ಮುಮತಾಜ್ ಅವರನ್ನು ಹೊತ್ತು ದಾಟುವುದೇ? ಮುಂದೆ ಡಾಂಬರಿನವರೆಗೆ ಯಾರು ಹೊರುತ್ತಾರೆ? ಮುನ್ನೂರ ಒಂಬತ್ತು ಸಲ ತಪ್ಪದ್ದು ಇವತ್ತು ನನ್ನ ಕೈಯಲ್ಲೇ ತಪ್ಪುತ್ತದೆಯೇ? ದಿಕ್ಕು ತೋಚದೆ ಬಾಗಿಲು ತೆರೆದು ನೀರಿಗೆ ಇಳಿಯುತ್ತಾರೆ. ಇಳಿದಾಗ ಕಾಣುತ್ತದೆ ಗೋಣಿಚೀಲ.

ಕಂಪನಿಯಿಂದ ಗಾಡಿ ತೋರಿಸಲು ಬಂದಿದ್ದ ಹುಡುಗ ಹೇಳಿದ್ದ ಮಾತು ಆಗ ನೆನಪಾಗುತ್ತದೆ: ಮುಂದೆ ಏನಾದರೂ ಅಡ್ಡ ಬಂದರೆ ಗಾಡಿ ತಾನೇ ನಿಲ್ಲುತ್ತದೆ, ಅದಕ್ಕೆ ಮೂತಿಯಲ್ಲಿ ಕಣ್ಣುಗಳಿವೆ. ಆ ಕಣ್ಣುಗಳಿಗೇ ಮಾಳಪ್ಪ ತಮ್ಮ ಕೈಯಾರೆ ಒದ್ದೆ ಗೋಣಿ ಮುಚ್ಚಿದ್ದಾರೆ. ಗಾಲಿಗೆ ಮೆತ್ತಿದ ಎರಿ ಕೆರೆಯಲು ಸದಾ ಜೊತೆಗಿಡುವ ಕುಡಗೋಲಿನಿಂದ ಹಗ್ಗ ಕತ್ತರಿಸಿ ಗೋಣಿಯನ್ನು ಕಿತ್ತು ಹಳ್ಳಕ್ಕೆ ಎಸೆಯುತ್ತಾರೆ. ಕಿರ್ರೆನ್ನುವುದು ನಿಲ್ಲುತ್ತದೆ. ಗಾಡಿ ಏನೂ ಆಗಿಲ್ಲವೆಂಬಂತೆ ದಾಟಿ ಆಚೆ ಏರುತ್ತದೆ.

ನವಲಗುಂದ ಮುಟ್ಟಿದಾಗ ಏಳೂ ನಲವತ್ತು. "ಇನ್ನ ಹತ್ತು ಮಿನಿಟ್ ತಡಾ ಆಗಿದ್ರ ಬ್ಯಾರೇದವರನ್ನ ಮಲಗಸ್ತಿದ್ದೆ ನೋಡ್ರಿ," ಎನ್ನುತ್ತಾರೆ ನರ್ಸ್ ಭಾಗ್ಯಾ. ಮಾಳಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಪ್ಯಾಂಟಿನ ಮಡಿಕೆ ಬಿಚ್ಚಿ ನೀರು ಹಿಂಡುತ್ತಾರೆ.

ಬರುವಾಗ ಇನ್ನೊಂದು ಸಂಗತಿ ನಡೆಯುತ್ತದೆ. ಡಯಾಲಿಸಿಸ್ ಮುಗಿದ ಮೈ ಹಿಂಡಿ ಹಾಕಿದಂತಿರುತ್ತದೆ. ಜೀಪಿನಲ್ಲಾದರೆ ಮುಮತಾಜ್ ಎರಡು ಸಲ ವಾಂತಿ ಮಾಡದೆ ಮನೆ ಮುಟ್ಟಿದ್ದೇ ಇಲ್ಲ. ಇವತ್ತು ಒರಗು ಸೀಟಿನಲ್ಲಿ ಮಲಗಿದವರು ಓಣಿ ಬರುವವರೆಗೂ ಎಚ್ಚರವಾಗಲಿಲ್ಲ. ಕನ್ನಡಿಯಲ್ಲಿ ಆ ಮುಖ ನೋಡಿದ ಮಾಳಪ್ಪ ಗಾಡಿಯನ್ನು ಇನ್ನಷ್ಟು ನಿಧಾನ ಮಾಡುತ್ತಾರೆ. ಎರಡನ್ನೂ ತೂಗಿ ನೋಡಲು ಗುರುವಾರ ಬೇಕೆಂದೇ ಜೀಪು ತೆಗೆಯುತ್ತಾರೆ. ಎರಿಯಲ್ಲಿ ಅದು ಆನೆ ಹೋದಂತೆ ಹೋಗುತ್ತದೆ, ಏಳಕ್ಕೆ ಹತ್ತು ನಿಮಿಷ ಮೊದಲೇ ಮುಟ್ಟುತ್ತದೆ. ಮರಳುವಾಗ ಮೂರು ಕಡೆ ನಿಲ್ಲಿಸಬೇಕಾಗುತ್ತದೆ. ಮೂರನೆಯ ಸಲ ಮುಮತಾಜ್ ಅವರ ಕಣ್ಣಗುಡ್ಡೆ ಮೇಲೆ ಹೋಗಿ, ಸಾವಕ್ಕ ಮುಖಕ್ಕೆ ನೀರು ಹಾಕಿ ಹೆಸರು ಹಿಡಿದು ಕೂಗಬೇಕಾಗುತ್ತದೆ. ಒಂದು ಗಾಡಿ ಹೋಗುವಾಗ ಭಯ ಹುಟ್ಟಿಸುತ್ತದೆ, ಇನ್ನೊಂದು ಬರುವಾಗ. ಮಾಳಪ್ಪ ಯಾವುದನ್ನು ಆರಿಸಬೇಕು?

ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿದೆ. ನಳದ ಹತ್ತಿರ ಸಾವಕ್ಕ ಹೇಳಿದ ಮಾತು ಚಹಾದಂಗಡಿ ಮುಟ್ಟುವಷ್ಟರಲ್ಲಿ ಕೈಕಾಲು ಮೂಡಿಸಿಕೊಂಡಿದೆ. ಹೊಸ ಗಾಡಿ ನೀರು ಕಂಡು ಹೆದರಿತಂತೆ, ಮಾಳಪ್ಪ ಹೊತ್ತುಕೊಂಡು ದಾಟಿಸಿದನಂತೆ! ಶುಕ್ರವಾರ ಬೆಳಗ್ಗೆ ಸಾವಕಾರರ ಅಂಗಳದಲ್ಲಿ ನಾಲ್ಕು ಮಂದಿ ಕೂತಿದ್ದಾರೆ. ಕಂಬಳಿ ಹೊದ್ದ ಕನಕಪ್ಪ, "ಹಳೇ ಜೀಪಿನ ಮುಂದ ಈ ಬಣ್ಣದ ಡಬ್ಬಿ ಏನ್ ಬಿಡ್ರಿ," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಸಾವಕಾರರ ಮುಖ ಸಣ್ಣದಾಗಿದೆ.

"ಕೇಳೇನಿ ಮಾಳಪ್ಪ. ಬ್ಯಾಡಾದ್ರ ಬ್ಯಾಡ ಬಿಡು, ನಂದೇನ್ ಒತ್ತಾಯಿಲ್ಲ. ಹುಬ್ಬಳ್ಳಿಗೆ ಕಳಸ್ತೇನಿ."

ಸುಮ್ಮನೆ ತಲೆಯಾಡಿಸಿದರೆ ಸಾಕು, ಮೂವತ್ತು ವರ್ಷದ ಜೀಪು ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಮಾಳಪ್ಪ ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಂಡುತ್ತಾರೆ.

"ಗಾಡಿದು ತಪ್ಪಿಲ್ರಿ ಸಾವಕಾರ್ರ. ಅದರ ಕಣ್ಣಿಗೆ ಗೋಣಿಚೀಲ ಕಟ್ಟಿದಾಂವ ನಾನ. ಎಲ್ಲಾ ಗೊತ್ತೈತಿ ಅನ್ನೂ ಸೊಕ್ಕ. ಆ ಹುಡುಗಿ ಜೀವ ಹೋಗತಿತ್ತು ನನ್ನ ಕೈಯಾಗ."

ಜೊತೆಗೆ ಬಂದು ಬಾಗಿಲಲ್ಲಿ ನಿಂತ ಸಾವಕ್ಕ ಗಂಡನ ಮುಖವನ್ನೇ ನೋಡುತ್ತಾರೆ. ಮಾಳಪ್ಪ ಮುಂದುವರಿಸುತ್ತಾರೆ: "ಶನಿವಾರ, ಐತವಾರ ಎರಡು ದಿನ ಖಾಲಿ ಗಾಡಿ ಕೊಡ್ರಿ. ಎರಿಯಾಗ ಹೂಳ್ತೇನಿ, ತೆಗೀತೇನಿ. ಕಲ್ತರ ಸೋಮವಾರ ನಡಸ್ತೇನಿ."

ಎರಡು ದಿನ ಓಣಿಯವರಿಗೆ ಬಿಟ್ಟಿ ತಮಾಷೆ. ಮಾಳಪ್ಪ ಹೊಚ್ಚ ಹೊಸ ಗಾಡಿಯನ್ನು ಬೇಕೆಂದೇ ಕೆಸರಿಗೆ ಇಳಿಸುತ್ತಾರೆ, ಸಿಕ್ಕಿಸುತ್ತಾರೆ, ಬೆವರುತ್ತಾರೆ. ಸಾವಕಾರರು ಮೊದಲ ದಿನ ನೋಡಲು ಬಂದವರು ನೋಡಲಾರದೆ ಮನೆಗೆ ಹೋಗುತ್ತಾರೆ. ಜೀಪಿನಲ್ಲಿ ಗಾಲಿ ಗರಗರ ತಿರುಗಿಸಿ ಮೆತ್ತಿದ ಮಣ್ಣು ಹಾರಿಸುತ್ತಿದ್ದರು. ಇದು ಗಾಲಿ ಜಾರಿದ ಕೂಡಲೇ ತಾನೇ ಜೋರು ತಗ್ಗಿಸಿಕೊಂಡು ಕೂತುಬಿಡುತ್ತದೆ. ಆ ಬುದ್ಧಿಯನ್ನು ಸ್ವಲ್ಪ ಹೊತ್ತು ಬಂದ್ ಮಾಡುವ ಗುಂಡಿಯೊಂದಿದೆ ಎಂದು ಮಾಳಪ್ಪನವರಿಗೆ ಗೊತ್ತಾಗುವುದು ರವಿವಾರ ಮಧ್ಯಾಹ್ನ, ಫೋನಿನಲ್ಲಿ ಗಾಡಿಯ ಹುಡುಗನನ್ನು ಆರನೆಯ ಸಲ ಪೀಡಿಸಿದ ಮೇಲೆ. ಗುಂಡಿಗಳು ನೋಡಲು ಎಲ್ಲಾ ಒಂದೇ. ಸಾವಕ್ಕ ತಮ್ಮ ಹಣೆಯ ಟಿಕಳಿ ಕಿತ್ತು ಆ ಗುಂಡಿಗೆ ಅಂಟಿಸುತ್ತಾರೆ. "ಈಗರೆ ಕಾಣ್ತೈತಿಲ್ಲೋ?" ಸಂಜೆ ಮಶಾಕಸಾಬ ಬಂದು ಜೀಪನ್ನು ಗುಜರಿಗೆ ಒಯ್ಯುತ್ತಾರೆ. ಮಾಳಪ್ಪ ಅದನ್ನು ಕಳಿಸಲು ಹೊರಗೆ ಬರುವುದಿಲ್ಲ. ಒಳಗೆ ಕೂತು ಅದರ ಸಪ್ಪಳ ಹಳ್ಳ ದಾಟುವವರೆಗೂ ಕೇಳಿಸಿಕೊಳ್ಳುತ್ತಾರೆ.

ಮತ್ತೆ ಸೋಮವಾರ, ಬೆಳಗಿನ ಐದು ಗಂಟೆ. ಮಳೆ ಹಿಡಿದಿದೆ. ಮಾಳಪ್ಪ ಬಿಳಿ ಗಾಡಿಯ ಮುಂದೆ ಬರಿಗಾಲಲ್ಲಿ ನಡೆದು, ಹಿಮ್ಮಡಿ ಊರಿ, ಟಾರ್ಚು ಬಿಟ್ಟು ದಾರಿ ನೋಡಿ ಬರುತ್ತಾರೆ. ಬಾಗಿಲು ತೆರೆದವರು ತಮ್ಮ ಕಾಲು ನೋಡಿಕೊಂಡು ಹತ್ತಲೋ ಬೇಡವೋ ಎಂದು ನಿಲ್ಲುತ್ತಾರೆ. ಮೊಳಕಾಲಿನವರೆಗೆ ಎರಿ, ಒಳಗೆ ಹೊಸ ನೆಲಹಾಸು. ಮುಮತಾಜ್ ತಮ್ಮ ಮಡಿಲಲ್ಲಿದ್ದ ಜಮಖಾನ ತೆಗೆದು ಕೊಡುತ್ತಾರೆ.

"ಇಲ್ಲಿ ನಂಗ ಇದು ಬೇಕಾಗೂದಿಲ್ಲ ಕಾಕಾ. ಕಾಲ ಒರಸ್ಕೊಂಡು ಹತ್ರಿ. ಲಗೂನ ಹೋಗೂಣು."

ಆಕೆಯ ಕೈಯ ಕೊನೆಯ ನೇಯ್ಗೆ ಅದು. ಮಾಳಪ್ಪ ಅದನ್ನು ಹಾಗೇ ಮಡಚಿ ಸೀಟಿನ ಮೇಲಿಟ್ಟು, ಹೆಗಲ ಟವೆಲಿನಿಂದ ಕಾಲು ಒರೆಸಿಕೊಳ್ಳುತ್ತಾರೆ. ಭಯ ಹೋಗಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಭಯ ಹೆಂಗ್ ಹೋಗ್ತೈತ್ರಿ? ಗಾಡಿ ಬದಲಾದ್ರ ಹಳ್ಳ ಬದಲಾಗ್ತೈತೇನು? ಮುನ್ನೂರ ಹನ್ನೊಂದು ಸಲ ಆತು, ಇದು ಮುಂದಿಂದು. ಸೋಮವಾರ ತಪ್ಪಬಾರದು, ಅಷ್ಟ."

ಅಷ್ಟು ಹೇಳಿ ಟಿಕಳಿಯ ಗುಂಡಿ ಒತ್ತುತ್ತಾರೆ.