ಹೊಸ್ತಿಲಾಚೆಯ ಚಪ್ಪಲಿ

ರಾಬರ್ಟ್‌ಸನ್‌ಪೇಟೆಯ ಆ ಮನೆಗೆ ಹೊಲಿಗೆ ತರಗತಿ ಎಂಬ ಬೋರ್ಡಿತ್ತು. ಎಂಬತ್ತರ ದಶಕದಲ್ಲಿ ನಾನು ರವಿಕೆ ಹೊಲಿಯಲು ಕಲಿತದ್ದು ಅಲ್ಲೇ. ಒಳಕೋಣೆಯಲ್ಲಿ ಮಾತ್ರ ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸರು ಇರುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ಮಹಿಳಾ ಸಂಘದ ಅಕ್ಕ ಬಾಗಿಲಲ್ಲಿ ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು: “ಚಪ್ಪಲಿ ಒಳಕ್ಕೆ ತಕ್ಕೊಂಡ್ ಬಾರಮ್ಮ.” ಹುಡುಕಿ ಬರುವ ಗಂಡಂದಿರು ಮೊದಲು ಚಪ್ಪಲಿಯನ್ನೇ ನೋಡುತ್ತಾರೆಂದು ಅವರಿಗೆ ಗೊತ್ತಿತ್ತು. ನಮ್ಮೊಡನೆ ಮಾತಾಡುವಾಗಲೂ ಅಕ್ಕನ ಕಣ್ಣು ಬೀದಿಯ ಮೇಲೇ. ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಚಾಂಪಿಯನ್ ರೀಫ್ಸ್ ಗಣಿಯ ಕಡೆಯಿಂದ ಓಡಿಬಂದವಳೊಬ್ಬಳು ಅಭ್ಯಾಸದಂತೆ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದಳು. ನಾವ್ಯಾರೂ ಗಮನಿಸಿರಲಿಲ್ಲ. “ಅವ್ನು ಬತ್ತಾವ್ನೆ ಕಣಕ್ಕಾ,” ಎಂದು ಅವಳು ಕಿಟಕಿಯಿಂದ ಹಿಂದೆ ಸರಿದಾಗಲೇ ಅಕ್ಕ ಬಾಗಿಲಿಗೆ ಓಡಿದ್ದು. ಬರಿಗಾಲಲ್ಲೇ ಆ ಚಪ್ಪಲಿಗಳ ಮೇಲೆ ನಿಂತು ಸೀರೆಯ ಅಂಚು ಇಳಿಬಿಟ್ಟರು.

“ನನ್ ಎಂಡ್ತಿ ಬಂದವ್ಳಾ?”

“ಇಲ್ಲಿ ಒಲಿಗೆ ಕಲಿಸ್ತೀವಪ್ಪ. ಬೇರೇನಿಲ್ಲ.”

ಅವನು ಹೋಗಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಮ್ಮ ಬಾಗಿಲನ್ನೇ ನೋಡತೊಡಗಿದ. ಅಕ್ಕ ಕದಲಲಿಲ್ಲ. “ಮಿಷನ್ ನಿಲ್ಲಿಸ್ಬೇಡ್ರಮ್ಮ,” ಎಂದರು, ತಿರುಗದೆ. ನನ್ನ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಆದರೂ ತುಳಿಯುತ್ತಲೇ ಇದ್ದೆ.

ಬಿಸಿಲು ಹೊಸ್ತಿಲಿಗೆ ಬಂದ ಮೇಲೆ ಅವನು ಬಂಗಾರಪೇಟೆ ಬಸ್ಸು ಹತ್ತಿದ. ಅಕ್ಕ ಕಾಲೆತ್ತಿದರು. ಚಪ್ಪಲಿಯ ಕಿತ್ತ ಬಾರಿಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿಕೊಂಡು ಅವರ ಅಂಗಾಲಿಗೆ ನಾಟಿತ್ತು. ಅದನ್ನು ಕಿತ್ತು, ರಕ್ತವಾಗಿದ್ದ ಚಪ್ಪಲಿಯನ್ನು ನನ್ನ ಕೈಗಿತ್ತರು. ಕಣ್ಣು ಮಾತ್ರ ಬಸ್ಸು ಹೋದ ದಿಕ್ಕಿನಲ್ಲೇ ಇತ್ತು.

“ಬೇಗ ಒಳಗಿಡು. ಮುಂದಿನ್ ಸ್ಟಾಪಲ್ಲಿ ಇಳ್ಕೊಂಡ್ರೂ ಇಳ್ಕೊಂಡಾನು.”