ಚಿಮಣಿಯ ನೆತ್ತಿಗೆ ಗಾರೆ

ಚುಂಯ್. ಉರಿಯುವ ಕೆಂಡದ ಮೇಲೆ ಮಳೆಹನಿ ಬಿದ್ದರೆ ಆಗುವ ಸದ್ದು ಇದು. ಮಾಲೂರಿನ ನಮ್ಮ ಅಡುಗೆಮನೆಯಲ್ಲಿ ಆಗೆಲ್ಲ ಮಳೆಗಾಲವೆಂದರೆ ಮೊದಲು ಈ ಸದ್ದು, ಕಪ್ಪೆಗಳದ್ದು ಆಮೇಲೆ.

ಇವತ್ತು ಅದು ಮತ್ತೆ ಕೇಳಿಸಿದ್ದು ವಾಟರ್‌ಪ್ರೂಫಿಂಗಿಗೆ ಬಂದ ಮೇಸ್ತ್ರಿಯ ಒಂದು ಮಾತಿನಿಂದ. ಚಿಮಣಿಯ ನೆತ್ತಿಯ ಹಳೇ ಗಾರೆ ಕೆತ್ತಿ, ಇಳಿಜಾರಾಗಿ ಹೊಸದು ಮೆತ್ತಿ ಕೆಳಗೆ ಬಂದವನು, "ಮೂರು ದಿನ ಒಲೆ ಹಚ್ಬೇಡಿ ಅಜ್ಜಿ, ಬಿಸಿ ತಾಗಿದ್ರೆ ಬಿರುಕು ಬಿಡ್ತೈತೆ. ಒಣಗಿದ್ಮೇಲೆ ಕೋಟಿಂಗ್ ಹೊಡೀತೀನಿ" ಅಂದ. ಸೊಸೆ ಮೊಬೈಲಿನಿಂದ ತಲೆಯೆತ್ತದೆ "ಓಕೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸೊಸೆಯ ಮೇಲಲ್ಲ, ಪಾಪ. ಈಗ ಗ್ಯಾಸ್ ಇದೆ, ಸುಲಭ ಅನ್ನುತ್ತೀರಿ. ಹೋಟೆಲು ಆಗಲೂ ಇತ್ತು ಸ್ವಾಮಿ, ಸ್ಟೇಷನ್ ರಸ್ತೆಯಲ್ಲೇ.

ಆ ಒಂದು 'ಓಕೆ'ಯನ್ನು ನಮ್ಮ ಅಕ್ಕನಿಗೆ ಈ ಮನೆಯಲ್ಲಿ ಯಾರೂ ಹೇಳಲಿಲ್ಲ. ಅಕ್ಕ ಅಂದರೆ ನನ್ನ ಓರಗಿತ್ತಿ, ತಾಯಲೂರಿನವಳು, ಅರ್ಧ ಮಾತು ತೆಲುಗಿನಲ್ಲೇ ಆಡುತ್ತಿದ್ದವಳು. ಕೋಲಾರದ ಕಾನ್ವೆಂಟಿನಲ್ಲಿ ನೀಡಲ್‌ವರ್ಕು, ಮಾರಲ್ ಸೈನ್ಸು ಕಲಿತು ಬಂದ ನನಗೆ ಒಲೆ ಊದಲು ಕಲಿಸಿದವಳು. ನಾನು ಊದಿದರೆ ಬೂದಿಯೆಲ್ಲ ನನ್ನ ಮುಖಕ್ಕೇ. "ಏಮ್ಮಾ, ಇಂಗ್ಲಿಷಲ್ಲಿ ಊದ್ತೀಯಾ?" ಅನ್ನುತ್ತಿದ್ದಳು.

ಚಿಮಣಿಯ ನೆತ್ತಿ ಬಿರುಕು ಬಿಟ್ಟು, ನೀರು ಒಳಗೋಡೆ ಹಿಡಿದು ಇಳಿದು, ಒಲೆಗೂ ನೆಲಕ್ಕೂ ತೊಟ್ಟಿಕ್ಕುತ್ತಿತ್ತು. ಮಾವನವರ ಈಸಿಚೇರಿನ ಮೇಲೆ ಒಂದು ಹನಿ ಬಿದ್ದ ದಿನ ಸಂಜೆಯೊಳಗೆ ಹಂಚು ಬದಲಾಯಿತು. ಅಡುಗೆಮನೆಗೆ ಮಾತ್ರ, ಮಳೆ ನಿಲ್ಲಲಿ ಅನ್ನುತ್ತಿದ್ದರು. ನಿಂತ ಮೇಲೆ, ಈಗೆಲ್ಲಿ ಸೋರುತ್ತಿದೆ? ವಾಟ್ ಲಾಜಿಕ್! ಗಾರೆ ಹಾಕಿಸಲಿಲ್ಲ ಅಂತಲ್ಲ, ಹಲವು ಸಲ ಹಾಕಿಸಿದರು. ಒಲೆ ಆರಿಸಲು ಬಿಡಲಿಲ್ಲ, ಅಷ್ಟೇ. ಮೇಲೆ ಹಸಿ ಗಾರೆ, ಕೆಳಗೆ ಗಂಡಸರ ಮುದ್ದೆಗೆ ಎಸರು. ಬಿರುಕು ಬಿಡದೆ ಏನು ಮಾಡೀತು? ಹೋಟೆಲಿನಲ್ಲಿ ಉಂಡರೆ ಊರವರು ಆಡಿಕೊಳ್ಳುತ್ತಾರಂತೆ. ಹಿತ್ತಲಲ್ಲಿ ಕಲ್ಲು ಹೂಡಿ ಬೇಯಿಸುತ್ತೇನೆಂದಳು ಅಕ್ಕ. ಬೀದಿಗೆ ಕಾಣುತ್ತದಂತೆ.

ಒಂದು ಆಷಾಢದಲ್ಲಿ ಆ ಒದ್ದೆ ಚಪ್ಪಡಿಯ ಮೇಲೆ, ಕುದಿಯುವ ಎಸರಿನ ಪಾತ್ರೆ ಹಿಡಿದೇ ಅವಳು ಜಾರಿದಳು. ಕೋಲಾರದ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವಳ ಹೆಣ.

ಸಾವಾದ ಮನೆಯಲ್ಲಿ, ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವವರೆಗೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು ಅಡುಗೆ ತರುತ್ತಾರೆ. ಮಣ್ಣು ಮಾಡಿ ಬಂದು, ಕಾಲು ತೊಳೆಯುತ್ತ ಮಾವನವರು ಅಂದರು: "ಹೆಂಗೂ ಒಲೆ ಆರೈತೆ. ಮಳೇನೂ ಬಿಟ್ಟೈತೆ. ಆ ಮೇಸ್ತ್ರೀನ ಕರೀರಿ."

ಹೌ ಕನ್ವೀನಿಯೆಂಟ್! ಆ ಗಾರೆ ಹೋದ ವರ್ಷದವರೆಗೂ ಒಂದು ಹನಿ ಇಳಿಸಲಿಲ್ಲ. ಬಂದವರಿಗೆಲ್ಲ ಅದನ್ನು ಬೆರಳೆತ್ತಿ ತೋರಿಸುತ್ತಿದ್ದರು ಮಾವನವರು.

ಈಗ ಅದರ ಚೂರುಗಳು ಅಂಗಳದಲ್ಲಿ ಬಿದ್ದಿವೆ. ಒಂದನ್ನು ಕೈಗೆತ್ತಿಕೊಂಡು ಮೇಸ್ತ್ರಿ, ಎಂಥ ಗಟ್ಟಿ ಕೆಲಸ ಅಂತ ಹೊಗಳಿದ. ಹೊಗಳಬೇಡಪ್ಪ ಅಂದೆ. ಯಾಕೆ ಅಂತ, ಇಷ್ಟು ವರ್ಷದ ಮೇಲೆ, ಅಂಗಳದಲ್ಲೇ ನಿಂತು ಬಾಯಿಬಿಟ್ಟು ಹೇಳಿದೆ. ಸೊಸೆ ಮೊಬೈಲು ಕೆಳಗಿಟ್ಟು ಕೇಳಿದಳು. ಕೊನೆಯದೊಂದು ಮಾತ್ರ ಅವಳಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಅಕ್ಕನನ್ನು ನಾನು ಕೊನೆಯ ಸಲ ಕಂಡದ್ದು ಆಸ್ಪತ್ರೆಯಲ್ಲಿ. ಹೊರಗೆ ಮಳೆ ಹಿಡಿದಿತ್ತು. ಕಿಟಕಿಯ ಕಡೆ ನೋಡುತ್ತ, ಒಲೆಯ ಮೇಲೆ ತಟ್ಟೆ ಮುಚ್ಚಿ ಬಂದೆಯಾ ಎಂದು ಕೇಳಿದಳು. ಮುಚ್ಚಿದ್ದೇನೆ ಅಂದೆ.

"ನೆಲ ಒರೆಸ್ಕೊಂಡು ಓಡಾಡು ಕಣೇ" ಅಂದಳು.

ರಾತ್ರಿಯ ಮುದ್ದೆಗೆ ಹೊತ್ತಾಗುತ್ತಿತ್ತು. ನಾನು ಬಸ್ಸಿಗೆ ಹೊರಟೆ.